ಬಿಡಾರದ ಶಾಲೆ, ಊರಿನ ಮಕ್ಕಳು

ಬೆಂಗಳೂರಿನ ಸರ್ಜಾಪುರ ರಸ್ತೆ, ವೈಟ್‌ಫೀಲ್ಡ್, ಯಲಹಂಕದ ಕಡೆ ಮಗು ಏಳನೇ ಕ್ಲಾಸು ದಾಟುತ್ತಿದ್ದಂತೆ ಮನೆಗಳಲ್ಲಿ ಒಂದೇ ಲೆಕ್ಕಾಚಾರ ಶುರುವಾಗುತ್ತದೆ: ಹೈಸ್ಕೂಲಿಗೆ ಎಲ್ಲಿ ಸೇರಿಸುವುದು? ಉತ್ತರ ಮಾತ್ರ ಮೊದಲೇ ತೀರ್ಮಾನವಾಗಿರುತ್ತದೆ. ದುಡ್ಡು ಹೊಂದಿದರೆ ಇಂಟರ್‌ನ್ಯಾಷನಲ್ ಸ್ಕೂಲು, ಹೊಂದದಿದ್ದರೆ ಸಿಬಿಎಸ್‌ಇ ಅಥವಾ ಐಸಿಎಸ್‌ಇ, ಅದಕ್ಕೂ ಕೈ ಸಾಲದವರಿಗೆ ಸ್ಟೇಟ್ ಸಿಲಬಸ್. ಈ ಮೆಟ್ಟಿಲುಗಳನ್ನು ಕಟ್ಟಿದವರು ಯಾರೆಂದು ಯಾರೂ ಕೇಳುವುದಿಲ್ಲ. ಮೂರು ವರ್ಷದ ಕೆಲಸಕ್ಕೆಂದು ಸ್ಟುಟ್‌ಗಾರ್ಟ್‌ನಿಂದ ಬಂದ ಎಂಜಿನಿಯರನ ಸಂಸಾರ, ಹನ್ನೆರಡು ವರ್ಷ ನ್ಯೂಜೆರ್ಸಿಯಲ್ಲಿದ್ದು ವಾಪಸಾದ ಸಂಸಾರ, ದಾವಣಗೆರೆಯಿಂದ ಬಂದು ಇಲ್ಲೇ ಮನೆ ಕಟ್ಟಿಸಿಕೊಂಡ ಸಂಸಾರ, ಮೂವರೂ ಒಂದೇ ಅಡ್ಮಿಷನ್ ಕೋಣೆಯಲ್ಲಿ ಕೂತು ಒಂದೇ ವಿಡಿಯೊ ನೋಡಿ, ವಿಶ್ವಪ್ರಜೆ ಎಂಬ ಒಂದೇ ಪದವನ್ನು ಕೇಳಿಸಿಕೊಂಡು ಬರುತ್ತಾರೆ. ಆ ಶಾಲೆಗಳಲ್ಲಿ ಕೆಲವು ನಿಜಕ್ಕೂ ಒಳ್ಳೆಯ ಶಾಲೆಗಳೇ. ನನ್ನ ತಕರಾರಿರುವುದು ಆ ಮೆಟ್ಟಿಲಿನ ಬಗ್ಗೆ. ಊರೂರು ತಿರುಗುವ ಸಂಸಾರಗಳ ಒಂದು ನಿರ್ದಿಷ್ಟ ಕಷ್ಟಕ್ಕೆಂದು ಹೊಸೆದ ಸಾಧನವನ್ನು ನಾವು ಶಿಕ್ಷಣದ ತುತ್ತತುದಿ ಎಂದು ತಿಳಿದಿದ್ದೇವೆ. ಆ ಕಷ್ಟವೇ ಇಲ್ಲದವರು ಅದನ್ನು ಕೊಂಡರೆ ದುಡ್ಡು ದಂಡವಾಗುವುದು ಒಂದು ಕಡೆ ಇರಲಿ, ಇಲ್ಲದ ಕಷ್ಟವನ್ನೂ ಜೊತೆಗೆ ಮನೆಗೆ ತಂದಂತಾಗುತ್ತದೆ.

ಆ ಕಷ್ಟ ಯಾವುದು ಎಂದು ತಿಳಿಯಲು ಜಿನೀವಾಕ್ಕೆ ಹೋಗಬೇಕು. ಮೊದಲ ಮಹಾಯುದ್ಧದ ನಂತರ ರಾಷ್ಟ್ರಸಂಘವೂ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ ಆ ಊರಲ್ಲಿ ಕಚೇರಿ ತೆರೆದಾಗ ಹತ್ತಾರು ದೇಶಗಳ ಅಧಿಕಾರಿಗಳು ಹೆಂಡತಿ ಮಕ್ಕಳೊಂದಿಗೆ ಬಂದಿಳಿದರು. ಇವತ್ತು ಇಲ್ಲಿ, ನಾಡಿದ್ದು ಇನ್ನೆಲ್ಲೋ. ಆ ಮಕ್ಕಳಿಗಾಗಿ 1924ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಶಾಲೆ ಹುಟ್ಟಿತು. ಅದೇ ವರ್ಷ ಜಪಾನಿನ ಯೊಕೊಹಾಮಾ ಬಂದರಿನಲ್ಲೂ ಅಂಥದೊಂದು ಶಾಲೆ ತೆರೆಯಿತು. ಜಿನೀವಾದ ಮೇಷ್ಟ್ರುಗಳಿಗೆ ಬೇಗನೆ ಒಂದು ತಲೆನೋವು ಗಂಟುಬಿತ್ತು. ಇಷ್ಟು ವರ್ಷ ಒಟ್ಟಿಗೆ ಕಲಿತ ಮಕ್ಕಳನ್ನು ಕೊನೆಯ ಎರಡು ವರ್ಷ ಅವರವರ ದೇಶದ ವಿಶ್ವವಿದ್ಯಾಲಯದ ಪರೀಕ್ಷೆಗೆ ತಕ್ಕಂತೆ ಬೇರೆ ಬೇರೆ ಗುಂಪು ಮಾಡಿ ಕೂರಿಸಬೇಕಿತ್ತು. ಫ್ರೆಂಚ್ ಹುಡುಗನಿಗೊಂದು ಪಾಠ, ಇಂಗ್ಲಿಷ್ ಹುಡುಗನಿಗೊಂದು, ಅಮೆರಿಕದವಳಿಗೆ ಮತ್ತೊಂದು. ಎಲ್ಲ ದೇಶಗಳೂ ಒಪ್ಪುವ ಒಂದೇ ಪರೀಕ್ಷೆ ಬೇಕೆಂಬ ಹಟದಿಂದ 1968ರಲ್ಲಿ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್, ಅಂದರೆ ನಮ್ಮಲ್ಲಿ ಎಲ್ಲರೂ ಐಬಿ ಎಂದು ಕರೆಯುವ ಡಿಪ್ಲೊಮಾ, ರೂಪುಗೊಂಡಿತು. ಊರು ಬದಲಾದರೂ ಓದು ತುಂಡಾಗಬಾರದು ಎಂಬುದು ಅದರ ಮೂಲ ಪ್ರತಿಜ್ಞೆ. ಭಾರತದಲ್ಲಿ ಅದು ಮೊದಲು ಕಾಲಿಟ್ಟದ್ದೂ ಇಂಥ ಜಾಗಕ್ಕೇ: ಅಮೆರಿಕನ್ ಮಿಷನರಿಗಳ ಮಕ್ಕಳಿಗೆಂದು 1901ರಲ್ಲಿ ಶುರುವಾದ ಕೊಡೈಕೆನಾಲ್ ಶಾಲೆಗೆ, 1976ರಲ್ಲಿ. ತಂದೆ ತಾಯಿ ಬಯಲು ಸೀಮೆಯ ಯಾವುದೋ ಆಸ್ಪತ್ರೆಯಲ್ಲೋ ಚರ್ಚಿನಲ್ಲೋ ಇದ್ದು, ಮುಂದೆ ಕಾಲೇಜಿಗೆ ಅಮೆರಿಕಕ್ಕೆ ಹೋಗಬೇಕಾದ ಮಕ್ಕಳು ಅವರು. ಬಿಡಾರ ಹೂಡಿದವರ ಮಕ್ಕಳಿಗೆ ಬಿಡಾರದ ಶಾಲೆ. ಅದರಲ್ಲಿ ತಪ್ಪೇನೂ ಇಲ್ಲ.

ಬದಲಾದದ್ದು ಗಿರಾಕಿಗಳು. ಇಂದು ಜಗತ್ತಿನ ಬಹುತೇಕ ಇಂಟರ್‌ನ್ಯಾಷನಲ್ ಶಾಲೆಗಳ ಬೆಂಚುಗಳಲ್ಲಿ ಕೂತವರು ಆಯಾ ಊರಿನ ಉಳ್ಳವರ ಮಕ್ಕಳೇ. ಹೊರನಾಡಿನವರ ಸಂಬಳದ ಜೊತೆ ಕಂಪನಿ ಕಟ್ಟುತ್ತಿದ್ದ ಫೀಸನ್ನು ಈಗ ಊರಿನವರು ಸ್ವಂತ ಜೇಬಿನಿಂದ, ಕೆಲವೊಮ್ಮೆ ಸೈಟು ಮಾರಿ, ಕಟ್ಟುತ್ತಾರೆ. ಹೀಗೆ ಗಿರಾಕಿ ಬದಲಾದಾಗ ಸರಕಾರಗಳು ಏನು ಮಾಡಿದವು ಎಂಬುದು ಕುತೂಹಲದ ವಿಷಯ. ಜಾಗತಿಕ ನಗರ ಎಂದು ನಾವು ಮಾತುಮಾತಿಗೆ ಉದಾಹರಿಸುವ ಸಿಂಗಪುರ ತನ್ನ ಪ್ರಜೆಗಳ ಮಕ್ಕಳನ್ನು ವಿದೇಶಿ ಪಠ್ಯಕ್ರಮದ ಶಾಲೆಗೆ ಸುಮ್ಮನೆ ಬಿಡುವುದಿಲ್ಲ. ಶಿಕ್ಷಣ ಮಂತ್ರಾಲಯದ ಅನುಮತಿ ಬೇಕು. ವ್ಯಾಪಾರಕ್ಕೆ ಬಾಗಿಲು ತೆರೆದಿಟ್ಟ ದೇಶವೇ ಮಕ್ಕಳ ವಿಷಯಕ್ಕೆ ಚಿಲಕ ಹಾಕಿಕೊಂಡಿದೆ. ಇಂಡೊನೇಷ್ಯಾದಲ್ಲಿ ಸರಕಾರಿ ಶಾಲೆಗಳಲ್ಲಿ ಕೆಲವನ್ನು ಆರಿಸಿ ಅಂತರರಾಷ್ಟ್ರೀಯ ದರ್ಜೆಯವು ಎಂದು ಹೆಸರಿಟ್ಟು ಮೇಲೆತ್ತುವ ಯೋಜನೆಯಿತ್ತು. 2013ರ ಜನವರಿಯಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಅದನ್ನು ಸಂವಿಧಾನ ವಿರೋಧಿ ಎಂದು ರದ್ದು ಮಾಡಿತು. ನಮ್ಮಲ್ಲಾದರೆ ಬೋರ್ಡಿನ ಮೇಲೆ ಇಂಟರ್‌ನ್ಯಾಷನಲ್ ಎಂದು ಬರೆಸುವುದಕ್ಕೆ ಬೇಕಾಗಿರುವುದು ಪೇಂಟರ್ ಒಬ್ಬನೇ. ತಾಲ್ಲೂಕು ಕೇಂದ್ರಗಳಲ್ಲೂ ಆ ಹೆಸರಿನ ಶಾಲೆಗಳಿವೆ. ಒಳಗೆ ಓದಿಸುವುದು ನಮ್ಮದೇ ಸಿಲಬಸ್ಸು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆ ನೀರಿಗೂ ಗತಿಯಿಲ್ಲ ಎಂಬ ಗಾದೆಯನ್ನು ಅವುಗಳಿಗೆ ಬಿಟ್ಟು, ನಿಜವಾಗಿ ಐಬಿ ಅಥವಾ ಕೇಂಬ್ರಿಜ್ ಪಠ್ಯಕ್ರಮ ನಡೆಸುವ ಶಾಲೆಗಳನ್ನೇ ಮುಂದೆ ಮಾತಿಗೆ ತೆಗೆದುಕೊಳ್ಳುತ್ತೇನೆ. ವಾದ ಗೆಲ್ಲಬೇಕಾದದ್ದು ಒಳ್ಳೆಯವುಗಳ ಎದುರೇ.

ಪ್ರೈಮರಿಯಲ್ಲಿ ಶಾಲೆ ಬದಲಿಸುವುದು ಸಲೀಸು. ಹೈಸ್ಕೂಲಿನದು ಹಾಗಲ್ಲ. ಒಂಬತ್ತು ಮತ್ತು ಹತ್ತರಲ್ಲಿ ಕೇಂಬ್ರಿಜ್‌ನ ಐಜಿಸಿಎಸ್‌ಇ, ಹನ್ನೊಂದು ಮತ್ತು ಹನ್ನೆರಡರಲ್ಲಿ ಐಬಿ ಡಿಪ್ಲೊಮಾ ಅಥವಾ ಎ ಲೆವೆಲ್. ಇವು ಎರಡೆರಡು ವರ್ಷದ ಗಂಟುಗಳು, ನಡುವೆ ಇಳಿಯುವ ಸ್ಟಾಪಿಲ್ಲ. ಆ ಬಸ್ಸು ಹೋಗುವುದೆಲ್ಲಿಗೆ? ಐಬಿ ಡಿಪ್ಲೊಮಾವನ್ನು ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಹನ್ನೆರಡನೇ ತರಗತಿಗೆ ಸಮ ಎಂದು ಒಪ್ಪಿದೆ ಎನ್ನುವ ಸಮಾಧಾನವನ್ನು ಅಡ್ಮಿಷನ್ ಕೋಣೆಯಲ್ಲಿ ತಪ್ಪದೆ ಹೇಳುತ್ತಾರೆ. ಮಾತು ನಿಜ, ಆದರೆ ಅರ್ಧ ಮಾತ್ರ. ಕಾಗದದ ಮೇಲೆ ಸಮವಾಗುವುದು ಬೇರೆ, ಏಪ್ರಿಲ್ ಮೇ ತಿಂಗಳಲ್ಲಿ ಹುಡುಗಿಯೊಬ್ಬಳ ಟೇಬಲ್ಲಿನ ಮೇಲೆ ಸಮವಾಗುವುದು ಬೇರೆ. ಕರ್ನಾಟಕದಲ್ಲಿ ಎಂಜಿನಿಯರಿಂಗ್ ಸೀಟಿನ ರ‍್ಯಾಂಕಿಗೆ ಹನ್ನೆರಡನೆಯ ತರಗತಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಇನ್ನರ್ಧ. ಸಿಇಟಿ ಪ್ರಶ್ನೆಪತ್ರಿಕೆ ಪಿಯುಸಿ ಪಾಠಗಳನ್ನು ಹಿಡಿದು ಹೋಗುತ್ತದೆ, ಈಚಿನ ವರ್ಷಗಳಲ್ಲಿ ಏಪ್ರಿಲ್‌ನಲ್ಲೇ ಬರುತ್ತದೆ. ನೀಟ್ ಮೇ ಮೊದಲ ವಾರ, ಅಂದರೆ ಐಬಿ ಅಂತಿಮ ಪರೀಕ್ಷೆ ನಡೆಯುತ್ತಿರುವಾಗಲೇ. ಐಬಿ ಫಲಿತಾಂಶ ಜುಲೈ ಆರಂಭಕ್ಕೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಿರುವ ಈ ಎರಡು ಕ್ಯಾಲೆಂಡರುಗಳ ನಡುವೆ ಮಗು ಓಡಾಡಬೇಕು. ಡಾಕ್ಟರಾಗುವ ಆಸೆಯಿದ್ದರಂತೂ ಇನ್ನೊಂದು ತೊಡಕು: ಐಬಿಯಲ್ಲಿ ಆರು ಗುಂಪುಗಳಿಂದ ಆರು ವಿಷಯ ಆರಿಸಬೇಕು, ಸಮಾಜ ವಿಜ್ಞಾನದ ಒಂದು ವಿಷಯ ಕಡ್ಡಾಯ, ಭೌತ, ರಸಾಯನ, ಜೀವಶಾಸ್ತ್ರ ಮೂರನ್ನೂ ಸೇರಿಸಬೇಕಾದರೆ ಸಾಮಾನ್ಯ ನಿಯಮ ಬಿಟ್ಟು ವಿಶೇಷ ಅನುಮತಿ ಪಡೆಯಬೇಕು. ನೀಟ್ ಕೇಳುವುದು ಆ ಮೂರನ್ನೇ. ಕೇಂಬ್ರಿಜ್‌ನವರು ಈ ಪೇಚಾಟವನ್ನು ಅರ್ಥ ಮಾಡಿಕೊಂಡು ಭಾರತಕ್ಕೆಂದೇ ಮಾರ್ಚ್ ತಿಂಗಳಲ್ಲಿ ಪರೀಕ್ಷೆ ಇಟ್ಟಿದ್ದಾರೆ. ಮಾರುವವರಿಗೇ ಗೊತ್ತಿರುವ ತೊಡಕು ಕೊಳ್ಳುವವರಿಗೆ ಗೊತ್ತಾಗುವುದು ಹನ್ನೊಂದನೇ ಕ್ಲಾಸಿನಲ್ಲಿ.

ಪರಿಣಾಮವಾಗಿ ಈ ಶಾಲೆಯೇ ಮಗುವನ್ನು ಹೊರದೇಶಕ್ಕೆ ದೂಡುತ್ತದೆ. ವಿದೇಶಕ್ಕೆ ಹೋಗಬಹುದು ಎಂಬ ಅನುಮಾನದಿಂದ ಸೇರಿಸಿದ ತಂದೆ ತಾಯಿ ನಾಲ್ಕು ವರ್ಷದ ನಂತರ, ಇನ್ನೇನು ದಾರಿ ಉಳಿದಿಲ್ಲ, ವಿದೇಶಕ್ಕೇ ಕಳಿಸಬೇಕು ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ಲೆಕ್ಕಕ್ಕೆಂದು ವರ್ಷಕ್ಕೆ ಹತ್ತು ಲಕ್ಷ ಎಂದಿಟ್ಟುಕೊಳ್ಳಿ: ನಾಲ್ಕು ವರ್ಷಕ್ಕೆ ನಲವತ್ತು ಲಕ್ಷ. ಅದು ಖರ್ಚಿನ ಕೊನೆ ಎಂದು ಭಾವಿಸಿದವರಿಗೆ ಅದು ಮುಂಗಡ ಹಣ ಎಂದು ತಡವಾಗಿ ತಿಳಿಯುತ್ತದೆ. ಸ್ಟುಟ್‌ಗಾರ್ಟ್‌ನ ಸಂಸಾರಕ್ಕೆ ಈ ತೊಂದರೆ ಇಲ್ಲ. ಅವರ ಹುಡುಗ ಹೇಗೂ ಜರ್ಮನಿಗೆ ಮರಳುತ್ತಾನೆ, ಏಪ್ರಿಲ್ ಮೇ ತಿಂಗಳಲ್ಲಿ ಸಿಇಟಿ ನೀಟ್ ಎಂಬ ಪದಗಳೇ ಅವನ ಕಿವಿಗೆ ಬೀಳುವುದಿಲ್ಲ. ಒಂದೇ ಬೆಂಚು, ಒಂದೇ ಪುಸ್ತಕ. ಆದರೆ ಇಬ್ಬರು ಹುಡುಗರು ಮಾಡಿಕೊಂಡ ಒಪ್ಪಂದ ಬೇರೆ ಬೇರೆ.

ವಿದೇಶಿ ವಿಶ್ವವಿದ್ಯಾಲಯಕ್ಕೆ ಹೋಗುವುದೇ ಗುರಿಯಾದರೆ ಐಬಿ ಬೇಡವೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಬೇಕೇ ಬೇಕೆಂದೇನೂ ಇಲ್ಲ. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಂಥ ವಿಶ್ವವಿದ್ಯಾಲಯಗಳೇ ಸಿಬಿಎಸ್‌ಇ, ಐಸಿಎಸ್‌ಇ ಮಂಡಳಿಗಳ ಹನ್ನೆರಡನೇ ತರಗತಿಯ ಫಲಿತಾಂಶವನ್ನು ಒಪ್ಪುತ್ತವೆ, ಎಷ್ಟು ಅಂಕ ಬೇಕೆಂದು ತಮ್ಮ ಪ್ರವೇಶ ನಿಯಮಗಳಲ್ಲೇ ಹೇಳುತ್ತವೆ. ಅಮೆರಿಕದ ಕಾಲೇಜುಗಳು ನಮ್ಮ ಬೋರ್ಡುಗಳ ಮಕ್ಕಳನ್ನು ದಶಕಗಳಿಂದ ಸೇರಿಸಿಕೊಳ್ಳುತ್ತಿವೆ. ಇನ್ನು ಊರು ಬದಲಿಸುವ ಅನುಕೂಲ ಎನ್ನುವುದಾದರೆ, ನಮ್ಮವರು ಹೆಚ್ಚಾಗಿ ಹೋಗುವ ಊರುಗಳು ಯಾವುವು ಎಂದು ನೋಡಬೇಕು. ಮಂಗಳೂರು, ಉಡುಪಿ, ಭಟ್ಕಳದ ಕಡೆಯವರು ದುಬೈ, ಮಸ್ಕತ್, ದಮ್ಮಾಮ್, ಕುವೈತ್‌ಗಳಿಗೆ ಹೋಗಿ ಮರಳಿ ಬರುವುದು ಅರ್ಧ ಶತಮಾನದಿಂದ ನಡೆದಿದೆ. ಅಲ್ಲೆಲ್ಲ ಸಿಬಿಎಸ್‌ಇ ಶಾಲೆಗಳಿವೆ. ತಂದೆಯ ಕೆಲಸ ಹೋಗಿ ಡಿಸೆಂಬರಿನಲ್ಲಿ ವಾಪಸು ಬರಬೇಕಾದ ಮಗು ಮಸ್ಕತ್‌ನಲ್ಲಿ ಬಿಟ್ಟ ಪಾಠವನ್ನು ಮಂಗಳೂರಿನಲ್ಲಿ ಮುಂದುವರಿಸಬಲ್ಲುದು. ಜಿನೀವಾದ ಮೇಷ್ಟ್ರುಗಳು ಕನಸಿದ್ದು ಇದನ್ನೇ. ಆ ಅರ್ಥದಲ್ಲಿ ನಮ್ಮ ಕರಾವಳಿಯ ಸಂಸಾರಗಳ ಪಾಲಿಗೆ ನಿಜವಾದ ಅಂತರರಾಷ್ಟ್ರೀಯ ಬೋರ್ಡು ಸಿಬಿಎಸ್‌ಇಯೇ. ಪಾಪ, ಅದಕ್ಕೆ ಆ ಹೆಸರಿನ ಮೆರುಗಿಲ್ಲ. ಮೆರುಗು ಹಚ್ಚಲು ಒಮ್ಮೆ ನೋಡಿದರು ಕೂಡ. 2010ರಲ್ಲಿ ಸಿಬಿಎಸ್‌ಇ ಇಂಟರ್‌ನ್ಯಾಷನಲ್ ಎಂಬ ಪಠ್ಯಕ್ರಮ ತಂದರು. 2017ಕ್ಕೆ ಅದು ಮುಚ್ಚಿತು.

ನನ್ನ ವಾದಕ್ಕೆ ಬರುವ ಅತಿ ಬಲವಾದ ಆಕ್ಷೇಪ ಇದ್ಯಾವುದೂ ಅಲ್ಲ; ಅದು ಕಲಿಸುವ ಕ್ರಮದ್ದು. ನಮ್ಮ ಬೋರ್ಡುಗಳಲ್ಲಿ ಮಕ್ಕಳು ಗಿಣಿಪಾಠ ಒಪ್ಪಿಸುತ್ತಾರೆ, ಐಬಿಯಲ್ಲಿ ಯೋಚಿಸುತ್ತಾರೆ ಎಂಬ ಮಾತಿನಲ್ಲಿ ಹುರುಳಿದೆ, ಅದನ್ನು ಮರೆಮಾಚುವುದು ಅಪ್ರಾಮಾಣಿಕತೆ. ಹದಿನೇಳರ ಹುಡುಗಿ ತಾನೇ ಆರಿಸಿದ ವಿಷಯದ ಮೇಲೆ ನಾಲ್ಕು ಸಾವಿರ ಪದಗಳ ಪ್ರಬಂಧ ಬರೆಯುವುದು, ಜ್ಞಾನ ಎಂದರೇನು ಎಂದು ಒಂದು ಇಡೀ ತರಗತಿ ಕೂತು ಚರ್ಚಿಸುವುದು, ಇವುಗಳನ್ನು ನಮ್ಮ ಪಿಯುಸಿ ಕಾಲೇಜಿನಲ್ಲಿ ಊಹಿಸುವುದೂ ಕಷ್ಟ. ಪಿಯುಸಿ ಹೆಸರಿನಲ್ಲಿ ಬೆಳಗಿನ ಏಳರಿಂದ ರಾತ್ರಿ ಎಂಟರವರೆಗೆ ನಡೆಯುವ ಕೋಚಿಂಗನ್ನು ಸಮರ್ಥಿಸುವ ಉದ್ದೇಶ ನನಗಿಲ್ಲ. ಆದರೆ ಯೋಚಿಸುವುದನ್ನು ಕಲಿಸುವ ವಿದ್ಯೆ ಯಾವ ಬೋರ್ಡಿನ ಪೇಟೆಂಟೂ ಅಲ್ಲ, ಅದಕ್ಕೆ ಲಕ್ಷಗಟ್ಟಲೆ ಫೀಸೂ ಬೇಕಿಲ್ಲ. 1972ರಲ್ಲಿ ಡೇವಿಡ್ ಹಾರ್ಸ್‌ಬರೊ ಎಂಬ ಆಂಗ್ಲರೊಬ್ಬರು ಕೋಲಾರ ಜಿಲ್ಲೆಯ ರಾಯಲ್ಪಾಡಿನ ಬಳಿ ನೀಲ್‌ಬಾಗ್ ಎಂಬ ಶಾಲೆ ತೆರೆದರು. ಸುತ್ತಲ ಹಳ್ಳಿಗಳ ಮಕ್ಕಳು, ವಯಸ್ಸಿನ ಗೋಡೆಗಳಿಲ್ಲದ ತರಗತಿ, ಹಲವು ಭಾಷೆ, ಮರಗೆಲಸ, ಹಾಡು, ಪರೀಕ್ಷೆಯ ಭಯವಿಲ್ಲದ ಕಲಿಕೆ. ಅದೇ ವರ್ಷ ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ ಹಳ್ಳಿಯ ಶಾಲೆಗಳ ಮಕ್ಕಳೇ ಪ್ರಯೋಗ ಮಾಡಿ ವಿಜ್ಞಾನ ಕಲಿಯುವ ಕಾರ್ಯಕ್ರಮ ಶುರುವಾಗಿ, ಸರಕಾರ ನಿಲ್ಲಿಸುವವರೆಗೆ, 2002ರ ತನಕ ನಡೆಯಿತು. ಐಬಿ ಎಂಬ ಹೆಸರು ಕೇಳದ ಮಕ್ಕಳು ಕಪ್ಪೆ, ಕಲ್ಲು, ಬೇರುಗಳನ್ನು ಮುಂದಿಟ್ಟುಕೊಂಡು ಪ್ರಶ್ನೆ ಕೇಳುತ್ತಿದ್ದರು. ಹಾಗಾಗಿ ಕೇಳಬೇಕಾದದ್ದು ಈ ಶಾಲೆಯ ಈ ಮೇಷ್ಟ್ರುಗಳು ಹೇಗೆ ಕಲಿಸುತ್ತಾರೆ, ಎಷ್ಟು ವರ್ಷದಿಂದ ಇಲ್ಲಿದ್ದಾರೆ ಎಂದು. ಎರಡು ವರ್ಷದ ಗುತ್ತಿಗೆಗೆ ಬಂದ ಮೇಷ್ಟ್ರು ಒಂದು ಬ್ಯಾಚು ಮುಗಿಯುವ ಹೊತ್ತಿಗೆ ಬೇರೆ ದೇಶಕ್ಕೆ ಹೊರಡುವುದು ಈ ವೃತ್ತಿಯ ರೂಢಿ. ಯೋಚಿಸುವ ಶಿಕ್ಷಣ ಎಂದು ದುಡ್ಡು ಕೊಟ್ಟ ಮೇಲೂ ಬೆಂಗಳೂರಿನಲ್ಲಿ ಐಬಿ ಗಣಿತಕ್ಕೆ, ಐಬಿ ಭೌತಶಾಸ್ತ್ರಕ್ಕೆ ಟ್ಯೂಷನ್ ಮನೆಗಳು ಭರ್ತಿಯಾಗಿವೆ. ಆ ಟ್ಯೂಷನ್ ಜಾಹೀರಾತುಗಳನ್ನು ಓದಿದವರು ಗಿಣಿಪಾಠಕ್ಕೂ ಯೋಚನೆಗೂ ನಡುವಿನ ಗೆರೆಯನ್ನು ಅಷ್ಟು ಸಲೀಸಾಗಿ ಎಳೆಯಲಾರರು.

ಫಲಿತಾಂಶ ನೋಡಿ, ಎಷ್ಟು ಚೆನ್ನಾಗಿದೆ ಎನ್ನುವವರಿಗೆ ಉತ್ತರ ಹಳೆಯದು. ಅಮೆರಿಕದಲ್ಲಿ 1966ರಲ್ಲಿ ಬಂದ ಜೇಮ್ಸ್ ಕೋಲ್ಮನ್ ವರದಿ ಮಗುವಿನ ಕಲಿಕೆಯಲ್ಲಿ ಶಾಲೆಗಿಂತ ಮನೆಯ ಪಾಲು ದೊಡ್ಡದು ಎಂದು ತೋರಿಸಿ ಎಲ್ಲರ ನಿದ್ದೆ ಕೆಡಿಸಿತು. ಹಲವು ದೇಶಗಳ ಹದಿನೈದು ವರ್ಷದ ಮಕ್ಕಳನ್ನು ಪರೀಕ್ಷಿಸುವ ಪೀಸಾ ಸಮೀಕ್ಷೆಯ ಅಂಕಿಗಳನ್ನು 2011ರಲ್ಲಿ ಒಇಸಿಡಿ ಬಿಡಿಸಿ ನೋಡಿತು. ಖಾಸಗಿ ಶಾಲೆಯ ಮಕ್ಕಳು ಮೇಲ್ನೋಟಕ್ಕೆ ಮುಂದಿದ್ದರು. ಮನೆಯ ಮತ್ತು ಸಹಪಾಠಿಗಳ ಆರ್ಥಿಕ, ಸಾಮಾಜಿಕ ಸ್ಥಿತಿಯನ್ನು ಲೆಕ್ಕಕ್ಕೆ ಹಿಡಿದೊಡನೆ ಬಹುತೇಕ ದೇಶಗಳಲ್ಲಿ ಆ ಮುನ್ನಡೆ ಕರಗಿತು. ಇಬ್ಬರೂ ಓದಿದ, ಮನೆತುಂಬ ಪುಸ್ತಕವಿರುವ, ಇಂಗ್ಲಿಷ್ ಮಾತಾಡುವ ತಂದೆ ತಾಯಿಯ ಮಕ್ಕಳನ್ನು ಆಯ್ದು ತುಂಬಿಕೊಂಡ ಶಾಲೆ 45ಕ್ಕೆ 36 ಸರಾಸರಿ ತೋರಿಸಿದರೆ ಅದರಲ್ಲಿ ಶಾಲೆಯ ಪಾಲೆಷ್ಟು, ಮನೆಯ ಪಾಲೆಷ್ಟು? ಐಬಿ ಸಂಸ್ಥೆ ಶಾಲೆವಾರು ಶ್ರೇಯಾಂಕ ಪ್ರಕಟಿಸುವುದಿಲ್ಲ. ಶಾಲೆ ತಾನೇ ಹೇಳಿಕೊಂಡ ಸರಾಸರಿಯ ಹಿಂದೆ ಎಷ್ಟು ಮಕ್ಕಳನ್ನು ಪೂರ್ಣ ಡಿಪ್ಲೊಮಾ ಬರೆಯಲು ಬಿಟ್ಟರು, ಎಷ್ಟು ಮಂದಿಯನ್ನು ಹನ್ನೊಂದನೆಯ ತರಗತಿಯಲ್ಲೇ ಬೇರೆ ದಾರಿಗೆ ತಿರುಗಿಸಿದರು ಎಂಬುದು ಕಾಣುವುದಿಲ್ಲ. ದುಬೈನಲ್ಲಿ ಜ್ಞಾನ ಮತ್ತು ಮಾನವ ಅಭಿವೃದ್ಧಿ ಪ್ರಾಧಿಕಾರ 2008ರಿಂದ ಖಾಸಗಿ ಶಾಲೆಗಳನ್ನು ತಪಾಸಣೆ ಮಾಡಿ, ಅತ್ಯುತ್ತಮದಿಂದ ದುರ್ಬಲದವರೆಗೆ ದರ್ಜೆ ಕೊಟ್ಟು, ವರದಿಯನ್ನು ಯಾರು ಬೇಕಾದರೂ ಓದುವಂತೆ ಹೊರಗಿಡುತ್ತ ಬಂದಿತು. ಫೀಸು ಎಷ್ಟು ಏರಿಸಬಹುದು ಎಂಬುದನ್ನೂ ಆ ದರ್ಜೆಗೆ ಕಟ್ಟಿಹಾಕಿತು. ಮಾರುಕಟ್ಟೆಯನ್ನೇ ನಂಬುವ ಊರಿನ ಪೋಷಕರ ಕೈಯಲ್ಲಿ ತಪಾಸಣಾ ವರದಿ ಇತ್ತು. ಬೆಂಗಳೂರಿನ ಪೋಷಕರ ಕೈಯಲ್ಲಿರುವುದು ನುಣುಪು ಕಾಗದದ ಬ್ರೋಷರು.

ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಮಗುವಿಗೆ ಹಲವು ಸಂಸ್ಕೃತಿಗಳ ಒಡನಾಟ ಸಿಗುತ್ತದೆ ಎಂಬುದು ಇನ್ನೊಂದು ನಂಬಿಕೆ. ಪಾಸ್‌ಪೋರ್ಟಿನ ಬಣ್ಣ ಎಣಿಸಿದರೆ ಹೌದು. ಹತ್ತು ದೇಶಗಳ, ಆದರೆ ಒಂದೇ ವರ್ಗದ, ಹೆಚ್ಚುಕಡಿಮೆ ಒಂದೇ ಬಗೆಯ ಕಂಪನಿಗಳ ಮನೆಗಳ ಮಕ್ಕಳು. ಶಾಲೆಯ ಬಸ್ಸನ್ನು ಓಡಿಸುವವರ ಮಗ, ಕ್ಯಾಂಟೀನಿನಲ್ಲಿ ಅಡುಗೆ ಮಾಡುವವರ ಮಗಳು ಆ ಒಡನಾಟದಲ್ಲಿಲ್ಲ. ಮಲ್ಲೇಶ್ವರದ ಹಳೆಯ ಅನುದಾನಿತ ಶಾಲೆಯೊಂದರ ತರಗತಿಯಲ್ಲಿ ಕನ್ನಡ, ತಮಿಳು, ಉರ್ದು, ಮರಾಠಿ, ತೆಲುಗು ಒಟ್ಟಿಗೆ ಕೂತಿರುವುದನ್ನು ಯಾವ ಬ್ರೋಷರೂ ಬಹುಸಂಸ್ಕೃತಿ ಎಂದು ಅಚ್ಚು ಹಾಕುವುದಿಲ್ಲ. ಇಲ್ಲಿ ಹೊರನಾಡಿನ ಸಂಸಾರಕ್ಕೂ ನಷ್ಟವಿದೆ. ಅಪ್ಪ ಅಮ್ಮನ ದೇಶವೂ ಅಲ್ಲ, ಬಂದಿಳಿದ ದೇಶವೂ ಅಲ್ಲ, ಮೂರನೆಯ ಸಂಸ್ಕೃತಿಯಲ್ಲಿ ಬೆಳೆಯುವ ಮಕ್ಕಳು ಎಂಬ ಪರಿಕಲ್ಪನೆಯನ್ನು ರೂಪಿಸಿದ ಅಮೆರಿಕದ ಸಮಾಜಶಾಸ್ತ್ರಜ್ಞೆ ರೂತ್ ಹಿಲ್ ಯೂಸೀಮ್ 1950ರ ದಶಕದಲ್ಲಿ ಅಧ್ಯಯನಕ್ಕೆ ಬಂದದ್ದು ಭಾರತಕ್ಕೇ, ಇಲ್ಲಿ ನೆಲೆಸಿದ್ದ ಅಮೆರಿಕನ್ನರನ್ನು ನೋಡಲು. ವಿಪರ್ಯಾಸ ನೋಡಿ: ಅಂದು ಆ ಸ್ಥಿತಿ ವಲಸೆಯ ಅನಿವಾರ್ಯ ಫಲವಾಗಿತ್ತು, ಇಂದು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದು ಬೆಂಗಳೂರನ್ನೇ ಬಿಡದ ಮಕ್ಕಳಿಗೆ ಅದನ್ನು ದುಡ್ಡು ಕೊಟ್ಟು ಕೊಡಿಸುತ್ತಿದ್ದೇವೆ.

ಭಾಷೆಯ ವಿಷಯಕ್ಕೆ ಬಂದರೆ ಐಬಿಯನ್ನೇ ಸಾಕ್ಷಿಗೆ ಕರೆಯಬಹುದು. ತಾಯ್ನುಡಿಯನ್ನು ಬಿಟ್ಟುಕೊಡಬಾರದು ಎಂಬುದು ಅದರ ಮೂಲ ನಂಬಿಕೆಗಳಲ್ಲೊಂದು. ಶಾಲೆಯಲ್ಲಿ ಆ ಭಾಷೆಯ ಮೇಷ್ಟ್ರಿಲ್ಲದಿದ್ದರೂ ಶಾಲೆಯ ಬೆಂಬಲದಲ್ಲಿ ಮಗು ತನ್ನ ನುಡಿಯ ಸಾಹಿತ್ಯವನ್ನು ಸ್ವತಃ ಓದಿ ಪರೀಕ್ಷೆ ಬರೆಯುವ ವ್ಯವಸ್ಥೆಯನ್ನೂ ಅದು ಇಟ್ಟಿದೆ. ಎರಡು ಭಾಷೆಗಳಲ್ಲಿ ಗಟ್ಟಿಯಾದವರಿಗೆ ದ್ವಿಭಾಷಾ ಡಿಪ್ಲೊಮಾ ಕೊಡುತ್ತದೆ. ಜಿನೀವಾ ಕೊಟ್ಟ ಈ ಹಕ್ಕನ್ನು ಕೇಳಿ ಪಡೆಯುವ ಕನ್ನಡ ಮನೆಗಳೆಷ್ಟು? ಎರಡನೆಯ ಭಾಷೆಯ ಜಾಗದಲ್ಲಿ ಫ್ರೆಂಚೋ ಸ್ಪ್ಯಾನಿಷೋ ಬಂದು ಕೂರುತ್ತದೆ, ಅದೂ ಆರಂಭಿಕ ಮಟ್ಟದ್ದು, ಅಂಕ ಗಳಿಸಲು ಸುಲಭ ಎಂಬ ಕಾರಣಕ್ಕೆ. ರಾಜ್ಯದ ಶಾಲೆಗಳಲ್ಲಿ ಕನ್ನಡ ಕಲಿಸುವುದನ್ನು ಕಡ್ಡಾಯ ಮಾಡಿದ 2015ರ ಕಾಯ್ದೆಯ ವಿರುದ್ಧ ಪೋಷಕರು ಹೈಕೋರ್ಟಿಗೆ ಹೋದದ್ದನ್ನು ನೋಡಿದರೆ ವಿಶ್ವಪ್ರಜೆ ಎಂಬ ಪದಕ್ಕೆ ನಾವು ಕೊಟ್ಟಿರುವ ಅರ್ಥ ಗೊತ್ತಾಗುತ್ತದೆ. ಕಾನೂನಿನ ಬಲವಂತ ಸರಿಯೇ ಎಂಬುದು ಬೇರೆ ಚರ್ಚೆ, ಕೋರ್ಟು ನೋಡಿಕೊಳ್ಳಲಿ. ಹದಿನೆಂಟು ವರ್ಷ ಒಂದು ಊರಲ್ಲಿ ಬೆಳೆದೂ ಅದರ ಬಸ್ಸಿನ ಬೋರ್ಡು ಓದಲಾರದ ಮಗುವಿಗೆ ಯಾವ ಊರು ತಾನೇ ಸ್ವಂತದ್ದಾದೀತು?

ಇದೆಲ್ಲ ಉಳ್ಳವರ ಮೇಲಿನ ಹೊಟ್ಟೆಕಿಚ್ಚು, ಅವರ ದುಡ್ಡು ಅವರ ಇಷ್ಟ ಎನ್ನುವವರಿದ್ದಾರೆ. ಇಷ್ಟಕ್ಕೆ ಅಡ್ಡಿಯಿಲ್ಲ, ಸಿಂಗಪುರದ ಚಿಲಕವನ್ನು ಇಲ್ಲಿಗೆ ತನ್ನಿ ಎಂದು ನಾನು ಕೇಳುತ್ತಿಲ್ಲ. ಒಳ್ಳೆಯ ಸಹವಾಸ ಸಿಗಲಿ ಎಂದೇ ಕಳಿಸುತ್ತೇವೆ ಎಂದು ಯಾರಾದರೂ ನೇರವಾಗಿ ಹೇಳಿದರೆ ಅವರೊಂದಿಗೆ ವಾದಕ್ಕೂ ನಿಲ್ಲುವುದಿಲ್ಲ, ಅದೊಂದು ಪ್ರಾಮಾಣಿಕ ಕಾರಣ. ಆದರೆ ಮೆಟ್ಟಿಲಿನ ಕಲ್ಪನೆ ಉಳ್ಳವರಲ್ಲೇ ನಿಲ್ಲುವುದಿಲ್ಲ. ಮೇಲಿನ ಮೆಟ್ಟಿಲೇ ಶಿಕ್ಷಣ ಎಂದು ಒಪ್ಪಿದ ಮಧ್ಯಮ ವರ್ಗ ಸಾಲ ಮಾಡಿ ಅದನ್ನು ಹತ್ತಲು ಹೋಗುತ್ತದೆ, ತನ್ನ ಪಕ್ಕದ ಶಾಲೆಯನ್ನು ಸುಧಾರಿಸಬೇಕೆಂದು ಕೇಳುವುದನ್ನು ನಿಲ್ಲಿಸುತ್ತದೆ. ಹೋಶಂಗಾಬಾದಿನ ಕಾರ್ಯಕ್ರಮ ನಿಂತಾಗ ದೊಡ್ಡ ಊರುಗಳ ಓದಿದ ಮನೆಗಳಲ್ಲಿ ಎಷ್ಟು ಜನಕ್ಕೆ ಸುದ್ದಿ ಮುಟ್ಟಿತು? ಅವರ ಮಕ್ಕಳು ಆ ಶಾಲೆಗಳಲ್ಲಿರಲಿಲ್ಲ.

ಹಾಗಾದರೆ ಯಾರಿಗೆ ಈ ಶಾಲೆ? ನ್ಯೂಜೆರ್ಸಿಯಿಂದ ಮರಳಿದ ಸಂಸಾರದ ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದರೆ ಅವಳಿಗೆ ಸಲ್ಲುತ್ತದೆ. ಕನ್ನಡವೂ ಹಿಂದಿಯೂ ಬಾರದ ಹದಿನಾಲ್ಕರ ಹುಡುಗಿಯನ್ನು ಎಸ್ಸೆಸ್ಸೆಲ್ಸಿ ಅಂಚಿಗೆ ದೂಡುವುದು ಕ್ರೌರ್ಯ, ಅವಳ ಓದು ತುಂಡಾಗಬಾರದು. 1924ರ ಕಷ್ಟ ಅವಳದ್ದು. ಅದೇ ಮನೆಯ ಎರಡನೇ ಕ್ಲಾಸಿನ ತಮ್ಮನಿಗೆ ಆ ಕಾರಣ ಇಲ್ಲ, ಆರು ತಿಂಗಳು ಬೀದಿಯಲ್ಲಿ ಕ್ರಿಕೆಟ್ ಆಡಿದರೆ ಅವನಿಗೆ ಕನ್ನಡ ಬರುತ್ತದೆ. ಅಕ್ಕನಿಗೊಂದು ಶಾಲೆ, ತಮ್ಮನಿಗೊಂದು ಶಾಲೆ ಎಂದರೆ ಬಸ್ಸಿನ ತಾಪತ್ರಯ ನಿಜ, ಆದರೆ ಇಬ್ಬರನ್ನೂ ಒಂದೇ ಕಡೆ ಹಾಕುವುದು ತಂದೆ ತಾಯಿಯ ಅನುಕೂಲವೇ ಹೊರತು ತಮ್ಮನ ಶಿಕ್ಷಣದ ವಿಚಾರವಲ್ಲ. ಸ್ಟುಟ್‌ಗಾರ್ಟ್‌ನವರಿಗೂ ಈ ಶಾಲೆ ಸರಿ. ಅವರು ಮೇಷ್ಟ್ರುಗಳು ಎಷ್ಟು ವರ್ಷ ನಿಲ್ಲುತ್ತಾರೆ, ಜರ್ಮನ್ ಓದಿಸುವವರು ಇದ್ದಾರೆಯೇ ಎಂದು ವಿಚಾರಿಸಿಕೊಂಡರೆ ಸಾಕು. ದಾವಣಗೆರೆಯವರು ಕೇಳಬೇಕಾದ ಪ್ರಶ್ನೆಯೇ ಬೇರೆ. ಕಳೆದ ಮೂರು ವರ್ಷ ಇಲ್ಲಿ ಹನ್ನೆರಡನೆಯ ತರಗತಿ ಮುಗಿಸಿದವರಲ್ಲಿ ಸಿಇಟಿ, ನೀಟ್ ಬರೆದವರು ಎಷ್ಟು ಮಂದಿ, ಅವರಲ್ಲಿ ಕರ್ನಾಟಕದ ಕಾಲೇಜುಗಳಲ್ಲಿ ಸರಕಾರಿ ಕೋಟಾದ ಸೀಟು ಸಿಕ್ಕಿದ್ದು ಎಷ್ಟು ಜನಕ್ಕೆ? ಸ್ವಾಗತ ಕೋಣೆಯ ಗೋಡೆಯಲ್ಲಿ ಬಾಸ್ಟನ್, ಲಂಡನ್, ಟೊರಾಂಟೊ ವಿಶ್ವವಿದ್ಯಾಲಯಗಳ ಲಾಂಛನಗಳು ಸಾಲಾಗಿ ನಿಂತಿರುತ್ತವೆ. ಈ ಅಂಕಿ ಅಲ್ಲಿರುವುದಿಲ್ಲ, ಕಚೇರಿಯವರನ್ನು ಕೇಳಿ ಕಾಗದದ ಮೇಲೆ ಬರೆಸಿಕೊಳ್ಳಬೇಕು, ಫೀಸಿನ ಮೊದಲ ಕಂತು ಕಟ್ಟುವ ಮುಂಚೆ.